ಕುಂಚ ಬಿಡದ ಲೋತ್ರೆಕ್

ವ್ಯವಹಾರ ಅಧ್ಯಯನದಲ್ಲಿ ಜಾಹೀರಾತಿನ ಪಾಠ ಓದುವಾಗ ಹಳೆಯ ಪೋಸ್ಟರ್‌ಗಳನ್ನು ಹುಡುಕಿದೆ. ಆಗ ಸಿಕ್ಕ ಹೆಸರು ಆನ್ರಿ ದ ತುಲೂಸ್-ಲೋತ್ರೆಕ್. ಅವರ ಚಿತ್ರಗಳಿಗಿಂತ ಅವರ ಜೀವನವೇ ನನ್ನನ್ನು ಹೆಚ್ಚು ಕಾಡಿತು.

ಅವರು 1864ರ ನವೆಂಬರ್ 24ರಂದು ಫ್ರಾನ್ಸಿನ ಆಲ್ಬಿಯಲ್ಲಿ ಶ್ರೀಮಂತ ಮನೆತನದಲ್ಲಿ ಹುಟ್ಟಿದರು. ತಂದೆ-ತಾಯಿ ಖಾಲಾಜಾದ್, ಅಂದರೆ ಅಕ್ಕ-ತಂಗಿಯರ ಮಕ್ಕಳು. 1878ರಲ್ಲಿ ಕುರ್ಚಿಯಿಂದ ಏಳುವಾಗ ಬಿದ್ದು ಅವರ ಎಡತೊಡೆಯ ಮೂಳೆ ಮುರಿಯಿತು. ಮರುವರ್ಷ ಬಲತೊಡೆಯದೂ ಮುರಿಯಿತು. ದೇಹ ಬೆಳೆಯಿತು, ಕಾಲು ಬೆಳೆಯಲಿಲ್ಲ. ಎತ್ತರ ಐದು ಅಡಿ ದಾಟಲಿಲ್ಲ. ತಂದೆಗೆ ಕುದುರೆ, ಬೇಟೆ ಎಂದರೆ ಪ್ರಾಣ. ಮಗ ಹಾಸಿಗೆಯಲ್ಲಿ ಮಲಗಿ ಆ ಕುದುರೆಗಳ ಚಿತ್ರ ಬರೆದ.

1882ರಲ್ಲಿ ಅವರು ಚಿತ್ರಕಲೆ ಕಲಿಯಲು ಪ್ಯಾರಿಸ್‌ಗೆ ಹೋದರು. 1891ರಲ್ಲಿ ಮುಲಾಂ ರೂಜ್ ಎಂಬ ನೃತ್ಯಶಾಲೆಗೆ ಮಾಡಿದ ಪೋಸ್ಟರ್ ಊರಿನ ಗೋಡೆಗಳ ಮೇಲೆ ಬಿದ್ದ ಕೂಡಲೇ ಹೆಸರಾದರು. ಸುಮಾರು 30 ಪೋಸ್ಟರ್ ಮಾಡಿದರು. ಆದರೆ ಕುಡಿತ ಅವರ ಆರೋಗ್ಯವನ್ನು ಕೆಡಿಸಿತು. 1901ರ ಸೆಪ್ಟೆಂಬರ್ 9ರಂದು, 36ನೇ ವಯಸ್ಸಿನಲ್ಲಿ ತೀರಿಕೊಂಡರು.

ಅವರಿಗೆ ಇದ್ದದ್ದು ಪಿಕ್ನೋಡಿಸೊಸ್ಟೋಸಿಸ್ ಎಂದು 1965ರಲ್ಲಿ ಇಬ್ಬರು ಫ್ರೆಂಚ್ ವೈದ್ಯರು ಅಂದಾಜು ಮಾಡಿದರು. ಒಪ್ಪದವರೂ ಇದ್ದಾರೆ. ಈ ಕಾಯಿಲೆಯಲ್ಲಿ ಹಳೆಯ ಮೂಳೆಯನ್ನು ಕರಗಿಸುವ ಕಿಣ್ವ ಕೆಲಸ ಮಾಡುವುದಿಲ್ಲ. ಮೂಳೆ ದಟ್ಟವಾಗುತ್ತದೆ, ಆದರೂ ಬೇಗ ಮುರಿಯುತ್ತದೆ. ಕಾರಣವಾದ ಜೀನ್ 1996ರಲ್ಲಿ ಪತ್ತೆಯಾಯಿತು. ತಂದೆ-ತಾಯಿ ಇಬ್ಬರಲ್ಲೂ ಆ ದೋಷ ಅಡಗಿದ್ದರೆ ಪ್ರತಿ ಮಗುವಿಗೂ ನಾಲ್ಕರಲ್ಲಿ ಒಂದು ಪಾಲು ಅಪಾಯ. ಒಂದೇ ರಕ್ತದವರಲ್ಲಿ ಒಂದೇ ದೋಷ ಇರುವ ಸಾಧ್ಯತೆ ಹೆಚ್ಚು.

ಎಲ್ಲಾ ಮೂಳೆ ಕಾಯಿಲೆಯೂ ಹೀಗೇ ಬರುವುದಿಲ್ಲ. ನಮ್ಮದೇ ರಾಜ್ಯದ ಸಾಗರ ತಾಲ್ಲೂಕಿನಲ್ಲಿ 1970ರ ದಶಕದಲ್ಲಿ ಬೆಳಕಿಗೆ ಬಂದ ಹಂದಿಗೋಡು ಕಾಯಿಲೆ ಸೊಂಟ, ಮೊಣಕಾಲಿನ ಕೀಲುಗಳನ್ನು ಕೆಡಿಸುತ್ತದೆ. ಅದು ತಂದೆ ಅಥವಾ ತಾಯಿ ಒಬ್ಬರಿಂದಲೇ ಬರಬಹುದು ಎನ್ನುತ್ತಾರೆ ವಿಜ್ಞಾನಿಗಳು.

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಕಡೆ ಎಲ್ಲಾ ಜಾತಿ-ಧರ್ಮದವರಲ್ಲೂ ಸಂಬಂಧದೊಳಗೆ ಮದುವೆ ನಡೆಯುತ್ತದೆ. ನಮ್ಮ ಮನೆಯಲ್ಲೂ ಆಪಾಗೆ ಖಾಲಾನ ಮಗನನ್ನೇ ಮಾತಾಡುತ್ತಿದ್ದಾರೆ. ನಮ್ಮ ಬಳಗದಲ್ಲಿ ಒಂದು ಮಗುವಿನ ಕಾಲು ಎರಡು ಸಲ ಮುರಿದಿದೆ. ನಜರ್ ಆಗಿದೆ ಎಂದು ಸುಮ್ಮನಾಗಿದ್ದಾರೆ. ಲೋತ್ರೆಕ್ ಕಥೆ ಓದಿದ ರಾತ್ರಿ ಅಮ್ಮಿಗೆ ಎಲ್ಲಾ ಹೇಳಿದೆ. ಇಂಥ ನಿಕಾಹ್ ಜಾಯಜ್, ಆದರೆ ಫರ್ಜ್ ಅಲ್ಲವಲ್ಲ ಎಂದೆ. ಮೊದಲು ಸಿಟ್ಟಾದರು. ಬೆಳಿಗ್ಗೆ ಅಬ್ಬಾ ಹತ್ತಿರ ಡಾಕ್ಟರ್ ಮಾತು ತೆಗೆದರು. ಮಗುವನ್ನು ತೋರಿಸಿಕೊಂಡು ಬಂದ ಮೇಲೆಯೇ ಆಪಾಳ ಮಾತು ಮುಂದುವರಿಯಲಿ ಎಂಬುದು ನನ್ನ ದುವಾ.