ಡಾ. ಕ್ಲಿಂಟನ್ ಹಾರ್ಟ್ ಮೆರಿಯಮ್ (1855–1942): ಜೀವನ ಮತ್ತು ಸಾಧನೆ

ಪೀಠಿಕೆ

ಅಮೆರಿಕ ಸಂಯುಕ್ತ ಸಂಸ್ಥಾನದ ಮರುಭೂಮಿಗಳಲ್ಲಿ ವಾಸಿಸುವ ಕಾಂಗರೂ ಇಲಿಗಳು ನೋಟಕ್ಕೆ ಬಹುತೇಕ ಒಂದೇ ರೀತಿಯಾಗಿರುತ್ತವೆ. ಇವುಗಳಲ್ಲಿನ ಪ್ರಭೇದ ಹಾಗೂ ಉಪಪ್ರಭೇದಗಳನ್ನು ಬೇರ್ಪಡಿಸಿ ಹೆಸರಿಸುವ ಕಾರ್ಯದಲ್ಲಿ ಮುಂಚೂಣಿಯಲ್ಲಿದ್ದವರು ಡಾ. ಮೆರಿಯಮ್. ಸರ್ಕಾರಿ ಸೇವೆಯಲ್ಲಿದ್ದುಕೊಂಡು ಅವರು ಸಿದ್ಧಪಡಿಸಿದ ವಿವರಣೆಗಳು ಹಲವು ದಶಕಗಳ ನಂತರ ವನ್ಯಜೀವಿ ಸಂರಕ್ಷಣೆಗೆ ಆಧಾರವಾದವು.

ಜನನ ಮತ್ತು ವಿದ್ಯಾಭ್ಯಾಸ

ಮೆರಿಯಮ್ ಅವರು 1855ರ ಡಿಸೆಂಬರ್ 5ರಂದು ನ್ಯೂಯಾರ್ಕ್ ನಗರದಲ್ಲಿ ಜನಿಸಿದರು. ಬಾಲ್ಯವನ್ನು ಅದೇ ರಾಜ್ಯದ ಲೋಕಸ್ಟ್ ಗ್ರೋವ್ ಎಂಬ ಗ್ರಾಮೀಣ ಪರಿಸರದಲ್ಲಿ ಕಳೆದರು. ತಂದೆ ಅಮೆರಿಕದ ಸಂಸತ್ತಿನ ಸದಸ್ಯರಾಗಿದ್ದರು. 1872ರಲ್ಲಿ, ತಮ್ಮ 16ನೇ ವಯಸ್ಸಿನಲ್ಲಿ, ಯೆಲ್ಲೋಸ್ಟೋನ್ ಪ್ರದೇಶಕ್ಕೆ ತೆರಳಿದ ಸರ್ಕಾರಿ ಸರ್ವೇಕ್ಷಣಾ ತಂಡದಲ್ಲಿ ಪ್ರಾಣಿ ಸಂಗ್ರಾಹಕರಾಗಿ ಸೇರಿದರು. ನಂತರ ವೈದ್ಯಕೀಯ ಶಿಕ್ಷಣ ಪಡೆದು 1879ರಲ್ಲಿ ಪದವೀಧರರಾದರು ಹಾಗೂ ಕೆಲವು ವರ್ಷ ವೈದ್ಯವೃತ್ತಿ ನಡೆಸಿದರು.

ಸರ್ಕಾರಿ ಸೇವೆ

1885ರಲ್ಲಿ ಅಮೆರಿಕದ ಕೃಷಿ ಇಲಾಖೆಯಲ್ಲಿ, ಪಕ್ಷಿಗಳಿಂದ ಬೆಳೆಗಳಿಗೆ ಆಗುವ ಲಾಭ ನಷ್ಟಗಳನ್ನು ಅಧ್ಯಯನ ಮಾಡಲು ಒಂದು ಸಣ್ಣ ಘಟಕವನ್ನು ಆರಂಭಿಸಿ, ಮೆರಿಯಮ್ ಅವರನ್ನು ಅದರ ಮುಖ್ಯಸ್ಥರನ್ನಾಗಿ ನೇಮಿಸಲಾಯಿತು. ಈ ಘಟಕವೇ ಕ್ರಮೇಣ ವಿಸ್ತಾರಗೊಂಡು ಜೈವಿಕ ಸರ್ವೇಕ್ಷಣಾ ಸಂಸ್ಥೆಯಾಯಿತು. ಅವರು 1910ರವರೆಗೆ ಅದರ ನೇತೃತ್ವ ವಹಿಸಿದ್ದರು. 1889ರಲ್ಲಿ ಅರಿಜೋನಾದ ಸ್ಯಾನ್ ಫ್ರಾನ್ಸಿಸ್ಕೋ ಪರ್ವತಗಳಲ್ಲಿಯೂ, 1891ರಲ್ಲಿ ಡೆತ್ ವ್ಯಾಲಿ ಮರುಭೂಮಿ ಪ್ರದೇಶದಲ್ಲಿಯೂ ಅವರ ನೇತೃತ್ವದಲ್ಲಿ ಸರ್ವೇಕ್ಷಣೆಗಳು ನಡೆದವು.

ವರ್ಗೀಕರಣದ ವಿಧಾನ

ಕಾಂಗರೂ ಇಲಿಯು ಉದ್ದವಾದ ಹಿಂಗಾಲುಗಳಿಂದ ಜಿಗಿಯುತ್ತದೆ. ಬಾಲದ ತುದಿಯಲ್ಲಿ ಕೂದಲಿನ ಕುಚ್ಚು ಇರುತ್ತದೆ. ಕೆನ್ನೆಯ ಹೊರಭಾಗದ ಚೀಲಗಳಲ್ಲಿ ಬೀಜಗಳನ್ನು ತುಂಬಿಕೊಂಡು ಬಿಲಕ್ಕೆ ಸಾಗಿಸುತ್ತದೆ. ನೀರನ್ನು ಕುಡಿಯದೆಯೇ ಬದುಕಬಲ್ಲದು. ಇವುಗಳಲ್ಲಿ ಸುಮಾರು 20 ಪ್ರಭೇದಗಳಿವೆ. ಮೈಬಣ್ಣವು ನೆಲದ ಮಣ್ಣಿಗೆ ಹೊಂದಿಕೊಂಡಿರುವುದರಿಂದ ಅದೊಂದನ್ನೇ ನೋಡಿ ಗುರುತಿಸುವುದು ಸಾಧ್ಯವಾಗುವುದಿಲ್ಲ.

ಆದ್ದರಿಂದ ಮೆರಿಯಮ್ ಅವರು ಒಂದೆರಡು ಮಾದರಿಗಳಿಗೆ ತೃಪ್ತರಾಗದೆ, ಪ್ರತಿಯೊಂದು ಸ್ಥಳದಿಂದಲೂ ಹಲವು ಮಾದರಿಗಳನ್ನು ತರಿಸಿಕೊಂಡರು. ಪ್ರತಿ ಮಾದರಿಯೊಂದಿಗೆ ಸ್ಥಳ, ದಿನಾಂಕ ಹಾಗೂ ದೇಹದ ಅಳತೆಗಳನ್ನು ನಮೂದಿಸುವ ಕ್ರಮವನ್ನು ಪಾಲಿಸಲಾಯಿತು. ತಲೆಬುರುಡೆ, ಹಲ್ಲು, ಕಿವಿಯ ಹಿಂಭಾಗದ ಉಬ್ಬಿದ ಮೂಳೆ, ಹಿಂಗಾಲು ಮತ್ತು ಬಾಲದ ಉದ್ದ ಇವುಗಳನ್ನು ಹೋಲಿಸಿ ನಿರ್ಧಾರ ಕೈಗೊಳ್ಳಲಾಗುತ್ತಿತ್ತು. ಈ ಕ್ರಮದಿಂದ ಅವರು ನೂರಾರು ಸಸ್ತನಿಗಳನ್ನು ಹೊಸದಾಗಿ ವಿವರಿಸಿದರು. 1890ರಲ್ಲಿ ಎಡ್ಗರ್ ಮೀರ್ನ್ಸ್ ಎಂಬ ಸೇನಾ ವೈದ್ಯರು ಅರಿಜೋನಾದ ಒಂದು ಕಾಂಗರೂ ಇಲಿಗೆ ಮೆರಿಯಮ್ ಅವರ ಹೆಸರನ್ನೇ ಇಟ್ಟರು.

ಭಿನ್ನಾಭಿಪ್ರಾಯಗಳು

ನೆರೆಹೊರೆಯ ಎರಡು ಗುಂಪುಗಳ ಲಕ್ಷಣಗಳು ಗಡಿಯಲ್ಲಿ ಒಂದರೊಳಗೊಂದು ಬೆರೆತಿದ್ದರೆ ಅವು ಒಂದೇ ಪ್ರಭೇದದ ಉಪಪ್ರಭೇದಗಳು ಎಂಬುದು ಅನೇಕ ವಿಜ್ಞಾನಿಗಳ ಅಭಿಪ್ರಾಯವಾಗಿತ್ತು. ವ್ಯತ್ಯಾಸದ ಪ್ರಮಾಣವೇ ಮುಖ್ಯ ಎಂಬುದು ಮೆರಿಯಮ್ ಅವರ ನಿಲುವು. ಕೊಯೋಟೆ ತೋಳಗಳನ್ನು ಅವರು ಅನೇಕ ಪ್ರಭೇದಗಳಾಗಿ ವಿಂಗಡಿಸಿದ್ದನ್ನು 1897ರಲ್ಲಿ, ಮುಂದೆ ಅಮೆರಿಕದ ಅಧ್ಯಕ್ಷರಾದ ಥಿಯೋಡರ್ ರೂಸ್‌ವೆಲ್ಟ್ ಅವರು ಬಹಿರಂಗವಾಗಿ ಆಕ್ಷೇಪಿಸಿದರು. ಅದೇ ವರ್ಷ ಮೆರಿಯಮ್ ಅವರು ಒಂದು ದೊಡ್ಡ ಜಿಂಕೆಗೆ ರೂಸ್‌ವೆಲ್ಟ್ ಅವರ ಹೆಸರನ್ನಿಟ್ಟು ಗೌರವಿಸಿದರು.

1918ರಲ್ಲಿ ಅವರು ಉತ್ತರ ಅಮೆರಿಕದ ಕಂದು ಕರಡಿಗಳನ್ನು 80ಕ್ಕೂ ಹೆಚ್ಚು ಬಗೆಗಳಾಗಿ ವಿಂಗಡಿಸಿದರು. ಇಂದು ಅವೆಲ್ಲವನ್ನೂ ಒಂದೇ ಪ್ರಭೇದವೆಂದು ಪರಿಗಣಿಸಲಾಗಿದೆ. ಹಿಂಗಾಲಿನಲ್ಲಿ ಐದು ಬೆರಳುಗಳಿದ್ದ ಕಾಂಗರೂ ಇಲಿಗಳನ್ನು ಅವರು ಪ್ರತ್ಯೇಕ ಕುಲದಲ್ಲಿ ಇರಿಸಿದ್ದರು. ನಂತರ ಅವುಗಳನ್ನು ನಾಲ್ಕು ಬೆರಳಿನವುಗಳ ಕುಲದೊಂದಿಗೆ ವಿಲೀನಗೊಳಿಸಲಾಯಿತು. ಮಾದರಿಗಳನ್ನೂ ದಾಖಲೆಗಳನ್ನೂ ಜೋಪಾನವಾಗಿ ಉಳಿಸಿದ್ದರಿಂದಲೇ ಮುಂದಿನವರಿಗೆ ಇಂತಹ ತಿದ್ದುಪಡಿಗಳು ಸಾಧ್ಯವಾದವು.

ಸಂರಕ್ಷಣೆಗೆ ಆಧಾರ

ಕ್ಯಾಲಿಫೋರ್ನಿಯಾದ ಸ್ಯಾನ್ ವಾಕೀನ್ ಕಣಿವೆಯ ಫ್ರೆಸ್ನೊ ಹಾಗೂ ಟಿಪ್ಟನ್ ಎಂಬ ಎರಡು ಸಣ್ಣ ಕಾಂಗರೂ ಇಲಿಗಳನ್ನು ಮೆರಿಯಮ್ ಅವರು 1894ರಲ್ಲಿ ಉಪಪ್ರಭೇದಗಳೆಂದು ವಿವರಿಸಿದರು. ಮುಂದೆ ಕಣಿವೆಯ ಬಹುಭಾಗ ಕೃಷಿಭೂಮಿಯಾಗಿ ಇವುಗಳ ನೆಲೆ ಕುಗ್ಗಿತು. ಅಮೆರಿಕದ 1973ರ ಅಳಿವಿನಂಚಿನ ಪ್ರಭೇದಗಳ ಕಾಯ್ದೆಯು ಉಪಪ್ರಭೇದಗಳಿಗೂ ಅನ್ವಯಿಸುವುದರಿಂದ, ಫ್ರೆಸ್ನೊ ಇಲಿಗೆ 1985ರಲ್ಲಿ ಮತ್ತು ಟಿಪ್ಟನ್ ಇಲಿಗೆ 1988ರಲ್ಲಿ ಕಾನೂನಿನ ರಕ್ಷಣೆ ದೊರೆಯಿತು. ಅವರೇ 1904ರಲ್ಲಿ ಹೆಸರಿಸಿದ ದೈತ್ಯ ಕಾಂಗರೂ ಇಲಿಯು 1987ರಲ್ಲಿ ಈ ಪಟ್ಟಿಗೆ ಸೇರಿತು. ಹೆಸರಿಲ್ಲದ ಜೀವಿಯನ್ನು ಪಟ್ಟಿಗೆ ಸೇರಿಸುವುದು ಕಷ್ಟ. ಆದರೆ ಹೆಸರು ಮಾತ್ರವೇ ಸಾಲದು. ಫ್ರೆಸ್ನೊ ಇಲಿಯು ಖಚಿತವಾಗಿ ಕಂಡುಬಂದದ್ದು 1992ರಲ್ಲಿ, ಅದೇ ಕೊನೆಯ ಬಾರಿ.

ಕೊನೆಯ ದಿನಗಳು

ನಿವೃತ್ತಿಯ ನಂತರ ಮೆರಿಯಮ್ ಅವರು ಕ್ಯಾಲಿಫೋರ್ನಿಯಾದ ಮೂಲನಿವಾಸಿಗಳ ಭಾಷೆ ಹಾಗೂ ಜೀವನಕ್ರಮವನ್ನು ದಾಖಲಿಸಿದರು. 1919ರಲ್ಲಿ ಅಮೆರಿಕದ ಸಸ್ತನಿ ವಿಜ್ಞಾನಿಗಳ ಸಂಘದ ಪ್ರಥಮ ಅಧ್ಯಕ್ಷರಾದರು. 1942ರ ಮಾರ್ಚ್ 19ರಂದು ಬರ್ಕ್ಲಿಯಲ್ಲಿ ನಿಧನರಾದರು. ಅವರು ಕಟ್ಟಿ ಬೆಳೆಸಿದ ಸಂಸ್ಥೆಯು ಅದಕ್ಕೂ ಮೊದಲೇ, 1940ರಲ್ಲಿ, ಅಮೆರಿಕದ ಮೀನು ಮತ್ತು ವನ್ಯಜೀವಿ ಸೇವಾ ಇಲಾಖೆಯಲ್ಲಿ ವಿಲೀನಗೊಂಡಿತ್ತು. ಕಾಂಗರೂ ಇಲಿಗಳಿಗೆ ಕಾನೂನಿನ ರಕ್ಷಣೆ ನೀಡಿದ್ದು ಇದೇ ಇಲಾಖೆ.