ಮುದ್ರಕ ಬೆಂಜಮಿನ್ ಫ್ರಾಂಕ್ಲಿನ್

ಅಭ್ಯಾಸವೆಂಬ ಶಬ್ದಕ್ಕೆ ನಮ್ಮ ಭಾಷೆಯಲ್ಲಿ ವಿದ್ಯಾರ್ಜನೆಯೆಂಬ ಅರ್ಥವೂ ಉಂಟು, ರೂಢಿಯೆಂಬ ಅರ್ಥವೂ ಉಂಟು. ಪಾಠಶಾಲೆಗಳಲ್ಲಿ ಮೊದಲನೆಯದಕ್ಕೆ ಸಲ್ಲುವ ಗಮನವು ಎರಡನೆಯದಕ್ಕೆ ಅಷ್ಟಾಗಿ ಸಲ್ಲುವುದಿಲ್ಲ. ಎರಡನೆಯದಕ್ಕೆ ಪಠ್ಯಪುಸ್ತಕವಿಲ್ಲದಿರುವುದೂ ಇದಕ್ಕೆ ಕಾರಣವಿರಬಹುದು. ಹದಿನೆಂಟನೆಯ ಶತಮಾನದ ಅಮೆರಿಕೆಯಲ್ಲಿ ಒಬ್ಬ ಅಚ್ಚುಕೂಟದ ಕೆಲಸಗಾರನು ಅಂತಹ ಪುಸ್ತಕವೊಂದನ್ನು ತಾನೇ ಗೆರೆಯೆಳೆದು ಸಿದ್ಧಪಡಿಸಿ, ಅದಕ್ಕೆ ತಾನೇ ಗುರುವೂ ತಾನೇ ಶಿಷ್ಯನೂ ಆದನು. ಮುಂದೆ ಲೋಕವು ಅವನನ್ನು ವಿಜ್ಞಾನಿಯೆಂದೂ ರಾಜನೀತಿಜ್ಞನೆಂದೂ ಕೊಂಡಾಡಿತು. ಆದರೆ ತನ್ನ ಮರಣಶಾಸನವನ್ನು ಬರೆಯುವಾಗ ಅವನು ತನ್ನ ಹೆಸರಿನ ಮುಂದೆ ಮೊದಲು ಇಟ್ಟುಕೊಂಡ ಬಿರುದು ಮುದ್ರಕನೆಂಬುದು. ರಾಯಭಾರಿಯೆಂಬುದು ಅದರ ಅನಂತರ ಬಂದಿತು.

ಬೆಂಜಮಿನ್ ಫ್ರಾಂಕ್ಲಿನ್ನನು 1706ನೆಯ ಇಸವಿ ಜನವರಿ 17ರಂದು ಬಾಸ್ಟನ್ ನಗರದಲ್ಲಿ ಜನಿಸಿದನು. ತಂದೆ ಜೋಸೈಯಾ ಇಂಗ್ಲೆಂಡಿನಿಂದ ವಲಸೆ ಬಂದವನು. ಪಶುಗಳ ಕೊಬ್ಬನ್ನು ಕರಗಿಸಿ ದೀಪದ ಬತ್ತಿಯನ್ನೂ ಸಾಬೂನನ್ನೂ ಮಾಡಿ ಮಾರುವುದು ಆತನ ಕಸಬು. ಎರಡು ವಿವಾಹಗಳಿಂದ ಆತನಿಗೆ ಹದಿನೇಳು ಮಂದಿ ಮಕ್ಕಳು. ಗಂಡುಮಕ್ಕಳಲ್ಲಿ ಬೆಂಜಮಿನ್ನನೇ ಕಡೆಯವನು. ಎಂಟನೆಯ ವಯಸ್ಸಿನಲ್ಲಿ ಶಾಲೆಯ ಮೆಟ್ಟಿಲೇರಿದ ಬಾಲಕನು ಎರಡೇ ವರ್ಷಗಳಲ್ಲಿ ಅದನ್ನು ಇಳಿದು ಬಂದು ತಂದೆಯ ಅಂಗಡಿಯಲ್ಲಿ ಬತ್ತಿ ಕತ್ತರಿಸುತ್ತ ಕುಳಿತನು. ಶಾಲೆಯಲ್ಲಿ ಅವನ ಬರವಣಿಗೆ ಚೆನ್ನಾಗಿತ್ತು, ಲೆಕ್ಕ ಮಾತ್ರ ಹತ್ತಲಿಲ್ಲ. ಹದಿನಾರರ ಹೊತ್ತಿಗೆ ಆ ಸೋಲನ್ನು ನೆನೆದು ನಾಚಿ, ಅಂಕಗಣಿತದ ಪುಸ್ತಕವೊಂದನ್ನು ಹಿಡಿದು ಮೊದಲಿನಿಂದ ಕೊನೆಯವರೆಗೆ ಯಾರ ಸಹಾಯವೂ ಇಲ್ಲದೆ ಮುಗಿಸಿದನು. ಹೇಳಿಕೊಟ್ಟಾಗ ಬಾರದ ವಿದ್ಯೆಯು ಬೇಕೆನಿಸಿದಾಗ ಸುಲಭವಾಗಿ ಬಂದಿತು.

ಹನ್ನೆರಡನೆಯ ವಯಸ್ಸಿನಲ್ಲಿ ಅವನನ್ನು ಅಣ್ಣನಾದ ಜೇಮ್ಸನ ಅಚ್ಚುಕೂಟಕ್ಕೆ ಕರಾರುಪತ್ರ ಬರೆಸಿ ಸೇರಿಸಲಾಯಿತು. ಇಪ್ಪತ್ತೊಂದು ತುಂಬುವವರೆಗೆ ಅಲ್ಲಿಯೇ ದುಡಿಯಬೇಕೆಂಬುದು ಕರಾರು. ಪುಸ್ತಕದಂಗಡಿಯ ಹುಡುಗರೊಡನೆ ಸ್ನೇಹ ಬೆಳೆಸಿ, ಸಂಜೆ ತಂದ ಪುಸ್ತಕವನ್ನು ರಾತ್ರಿಯೆಲ್ಲ ಓದಿ ಬೆಳಗ್ಗೆ ಕೊಳೆಯಾಗದಂತೆ ಹಿಂದಿರುಗಿಸುತ್ತಿದ್ದನು. ಶಾಕಾಹಾರವನ್ನು ಕುರಿತ ಒಂದು ಪುಸ್ತಕವನ್ನು ಓದಿ ಮಾಂಸವನ್ನು ಬಿಟ್ಟನು; ತನ್ನ ಊಟಕ್ಕಾಗಿ ಅಣ್ಣನು ಕೊಡುತ್ತಿದ್ದ ಹಣದಲ್ಲಿ ಅರ್ಧವನ್ನು ಮಾತ್ರ ತನ್ನ ಕೈಗೆ ಕೊಟ್ಟರೆ ಸಾಕೆಂದು ಕೇಳಿ ಪಡೆದು, ಆ ಅರ್ಧದಲ್ಲಿಯೂ ಅರ್ಧವನ್ನುಳಿಸಿ ಪುಸ್ತಕ ಕೊಂಡನು. ಉಳಿದವರು ಊಟಕ್ಕೆ ಹೋದಾಗ ರೊಟ್ಟಿಯ ಚೂರು, ಒಂದು ಹಿಡಿ ಒಣದ್ರಾಕ್ಷಿ, ನೀರು—ಇಷ್ಟರಲ್ಲಿ ಊಟ ಮುಗಿಸಿ ಓದಿಗೆ ಕೂರುತ್ತಿದ್ದನು.

ಈ ಕಾಲದಲ್ಲಿ ಅವನು ಭಾಷೆಯನ್ನು ಸಾಧಿಸಿಕೊಂಡ ಬಗೆಯನ್ನು ಅಧ್ಯಾಪಕರು ವಿಶೇಷವಾಗಿ ಗಮನಿಸತಕ್ಕದ್ದು. ಮಗನ ಬರೆಹದಲ್ಲಿ ಕಾಗುಣಿತವೂ ವಿರಾಮಚಿಹ್ನೆಗಳೂ ಸರಿಯಾಗಿದ್ದರೂ ಸೊಗಸೂ ಕ್ರಮವೂ ಇಲ್ಲವೆಂದು ತಂದೆಯು ಉದಾಹರಣೆಗಳೊಡನೆ ತೋರಿಸಿದನು. ಹುಡುಗನು ಮುನಿಯಲಿಲ್ಲ. ಲಂಡನ್ನಿನ ಸ್ಪೆಕ್ಟೇಟರ್ ಪತ್ರಿಕೆಯ ಒಂದು ಬಿಡಿ ಸಂಪುಟ ಅವನ ಕೈಗೆ ಬಂದಿತ್ತು. ಅದರ ಲೇಖನವೊಂದನ್ನು ಓದಿ, ವಾಕ್ಯವಾಕ್ಯದ ಭಾವವನ್ನು ಚುಟುಕಾಗಿ ಗುರುತು ಹಾಕಿಕೊಂಡು, ಕೆಲವು ದಿನ ಬಿಟ್ಟು, ಮೂಲವನ್ನು ನೋಡದೆ ತನ್ನ ಮಾತಿನಲ್ಲಿ ಮತ್ತೆ ಬರೆಯುವನು. ಬಳಿಕ ಮೂಲದೊಡನೆ ಹೋಲಿಸಿ ತಪ್ಪುಗಳನ್ನು ತಿದ್ದುವನು. ಶಬ್ದಸಂಪತ್ತು ಸಾಲದೆಂದು ತೋರಿದಾಗ ಗದ್ಯವನ್ನು ಪದ್ಯಕ್ಕೆ ತಿರುಗಿಸಿ, ಮರೆತ ಮೇಲೆ ಪದ್ಯವನ್ನು ಮರಳಿ ಗದ್ಯಕ್ಕೆ ತರುವನು. ಆ ಗುರುತುಗಳನ್ನು ಬೇಕೆಂದೇ ಹಿಂದುಮುಂದು ಮಾಡಿ, ಕೆಲವು ವಾರಗಳ ಅನಂತರ ಸರಿಯಾದ ಕ್ರಮಕ್ಕೆ ಕೂಡಿಸುವನು. ಇಷ್ಟೆಲ್ಲ ನಡೆದುದು ಕೆಲಸಕ್ಕೆ ಮೊದಲು ಮುಂಜಾನೆ, ಕೆಲಸ ಮುಗಿದ ಮೇಲೆ ರಾತ್ರಿ, ಮತ್ತು ಭಾನುವಾರ. 1722ರಲ್ಲಿ ಅವನು ಒಬ್ಬ ವಿಧವೆಯ ಹೆಸರಿನಲ್ಲಿ ಹದಿನಾಲ್ಕು ಲೇಖನಗಳನ್ನು ಬರೆದು, ರಾತ್ರಿಯ ವೇಳೆ ಅಣ್ಣನ ಅಚ್ಚುಕೂಟದ ಬಾಗಿಲ ಸಂದಿಯಲ್ಲಿ ನೂಕುತ್ತಿದ್ದನು. ಇದು ಯಾವನೋ ದೊಡ್ಡ ವಿದ್ವಾಂಸನ ಕೃತಿಯಿರಬೇಕೆಂದು ಅಣ್ಣನ ಮಿತ್ರರು ಊಹಿಸಿದರು.

ಅಣ್ಣನ ಏಟುಗಳನ್ನು ಸಹಿಸಲಾರದೆ ಹದಿನೇಳರ ಹುಡುಗನು 1723ರಲ್ಲಿ ಕರಾರನ್ನು ಮುರಿದು ಓಡಿಹೋದನು. ಅಕ್ಟೋಬರಿನಲ್ಲಿ ಫಿಲಡೆಲ್ಫಿಯಕ್ಕೆ ಬಂದಿಳಿದಾಗ ಮೈಮೇಲೆ ಕೊಳೆಯಾದ ಬಟ್ಟೆ, ಕೈಯಲ್ಲಿ ಒಂದು ಡಾಲರು ಮತ್ತು ಸ್ವಲ್ಪ ಚಿಲ್ಲರೆ. ಮೂರು ದೊಡ್ಡ ರೊಟ್ಟಿಗಳನ್ನು ಕೊಂಡು, ಎರಡನ್ನು ಕಂಕುಳಲ್ಲಿ ಇರುಕಿ, ಒಂದನ್ನು ತಿನ್ನುತ್ತ ಬೀದಿಯಲ್ಲಿ ನಡೆದನು. ಹೊಟ್ಟೆ ತುಂಬಿದ ಮೇಲೆ ಉಳಿದೆರಡನ್ನು ದೋಣಿಯಲ್ಲಿ ಜೊತೆಗೆ ಬಂದಿದ್ದ ಒಬ್ಬ ಹೆಂಗಸಿಗೂ ಅವಳ ಮಗುವಿಗೂ ಕೊಟ್ಟನು. ಬಾಗಿಲಲ್ಲಿ ನಿಂತು ಈ ವಿಚಿತ್ರ ಮೆರವಣಿಗೆಯನ್ನು ಕಂಡ ತರುಣಿ ಡೆಬೊರಾ ರೀಡ್ ಮುಂದೆ 1730ರಲ್ಲಿ ಅವನ ಪತ್ನಿಯಾದಳು.

ಪ್ರಾಂತದ ಗವರ್ನರನ ಆಶ್ವಾಸನೆಯನ್ನು ನಂಬಿ 1724ರ ಕೊನೆಯಲ್ಲಿ ಲಂಡನ್ ಸೇರಿದ ಅವನಿಗೆ ಅಲ್ಲಿ ದೊರೆತುದು ನಿರಾಶೆ. ಬರಬೇಕಾಗಿದ್ದ ಶಿಫಾರಸು ಪತ್ರಗಳು ಬರಲೇ ಇಲ್ಲ. ಕೂಲಿಗೆ ನಿಂತ ಅಚ್ಚುಕೂಟದಲ್ಲಿ ಉಳಿದ ಕೆಲಸಗಾರರು ದಿನವಿಡೀ ಬಿಯರು ಕುಡಿಯುತ್ತಿದ್ದರೆ ಇವನು ನೀರು ಕುಡಿಯುತ್ತಿದ್ದನು. ಅವರು ಎರಡೂ ಕೈಗಳಲ್ಲಿ ಒಂದು ಮೊಳೆಕಟ್ಟನ್ನು ಹೊತ್ತರೆ ಇವನು ಒಂದೊಂದು ಕೈಯಲ್ಲಿ ಒಂದೊಂದನ್ನು ಹಿಡಿದು ಮೆಟ್ಟಿಲು ಹತ್ತಿ ಇಳಿಯುತ್ತಿದ್ದನು. 1726ರಲ್ಲಿ ಹಡಗಿನಲ್ಲಿ ಮರಳಿ ಬರುವಾಗ, ಇಲ್ಲಿಯವರೆಗೆ ತನ್ನ ಬಾಳಿಗೆ ಗೊತ್ತುಗುರಿಯಿರಲಿಲ್ಲವೆಂದು ಮನಗಂಡು, ಸಾಲವನ್ನು ತೀರಿಸುವವರೆಗೆ ಮಿತವ್ಯಯ, ಮಾತಿನಲ್ಲಿ ಸತ್ಯ, ಹಿಡಿದ ಕೆಲಸದಲ್ಲಿ ನಿಷ್ಠೆ, ಪರನಿಂದೆಯ ತ್ಯಾಗ ಇವುಗಳನ್ನು ಪಾಲಿಸಲು ಸಂಕಲ್ಪಿಸಿ ಬರೆದಿಟ್ಟುಕೊಂಡನು.

1728ರಲ್ಲಿ ಹ್ಯೂ ಮೆರೆಡಿತ್ ಎಂಬವನೊಡನೆ ಸೇರಿ ಅವನು ಸ್ವಂತ ಅಚ್ಚುಕೂಟವನ್ನು ತೆರೆದನು. ನಲವತ್ತು ಫಾರಮುಗಳ ಒಂದು ದೊಡ್ಡ ಪುಸ್ತಕದ ಕೆಲಸ ಕಡಮೆ ದರಕ್ಕೆ ಬಂದಿತು. ದಿನಕ್ಕೊಂದು ಫಾರಮಿನ ಮೊಳೆಯನ್ನು ತಾನು ಜೋಡಿಸುವುದು, ಪಾಲುಗಾರನು ಅಚ್ಚೊತ್ತುವುದು ಎಂದು ನಿಯಮ. ಮರುದಿನಕ್ಕಾಗಿ ಮೊಳೆಗಳನ್ನು ಬಿಡಿಸಿ ಮನೆಗಳಿಗೆ ಹಾಕುವಷ್ಟರಲ್ಲಿ ರಾತ್ರಿ ಹನ್ನೊಂದು ಮೀರುತ್ತಿತ್ತು. ಒಂದು ರಾತ್ರಿ ಕೆಲಸವೆಲ್ಲ ಮುಗಿಯಿತೆನ್ನುವಾಗ ಕಟ್ಟಿದ ಎರಡು ಪುಟಗಳು ಕೈತಪ್ಪಿ ಚೆಲ್ಲಾಪಿಲ್ಲಿಯಾದವು. ಮೊಳೆ ಜೋಡಿಸಿ ಬಲ್ಲವರಿಗೆ ಇದರ ಸಂಕಟ ತಿಳಿದೀತು. ಅವನು ಅಷ್ಟನ್ನೂ ಬಿಡಿಸಿ ಮತ್ತೆ ಜೋಡಿಸಿದ ಮೇಲೆಯೇ ಮಲಗಿದನು. ನೋಡಲಿ ಎಂದು ಯಾರಿಗಾಗಿಯೂ ಮಾಡಿದ ಕೆಲಸ ಅದಲ್ಲ, ಆದರೆ ನೋಡುವವರಿದ್ದರು. ತಾವು ರಾತ್ರಿ ಮನೆಗೆ ಮರಳುವಾಗಲೂ ಈ ತರುಣನು ದುಡಿಯುತ್ತಿರುತ್ತಾನೆ, ನೆರೆಹೊರೆಯವರು ಏಳುವ ಮೊದಲೇ ಮತ್ತೆ ದುಡಿಮೆಗೆ ತೊಡಗಿರುತ್ತಾನೆ ಎಂದು ಊರಿನ ವೈದ್ಯನೊಬ್ಬನು ವ್ಯಾಪಾರಿಗಳ ಕೂಟದಲ್ಲಿ ಹೇಳಲಾಗಿ, ಉದ್ದರಿಯಾಗಿ ಸಾಮಾನು ಕೊಡಲು ವರ್ತಕರು ತಾವಾಗಿಯೇ ಮುಂದೆ ಬಂದರು. ಮುಂದೆ ಅವನು ದುಡಿಯುವುದರ ಜೊತೆಗೆ ದುಡಿಯುವಂತೆ ಕಾಣಿಸಿಕೊಳ್ಳುವುದನ್ನೂ ಕಲಿತು, ಕೊಂಡ ಕಾಗದವನ್ನು ಕೈಗಾಡಿಯಲ್ಲಿಟ್ಟು ಬೀದಿಯಲ್ಲಿ ತಾನೇ ತಳ್ಳಿಕೊಂಡು ಬರುತ್ತಿದ್ದನು. ಇದನ್ನು ಡಾಂಭಿಕತೆಯೆಂದು ಹಳಿದವರುಂಟು. ಒಳಗೆ ಇಲ್ಲದುದನ್ನು ತೋರಿಸಿದರೆ ಡಂಭ. ಇವನಲ್ಲಿ ಒಳಗೂ ಅದೇ ಇದ್ದಿತು.

ಆದರೂ ಕೇವಲ ದುಡಿಮೆಯಿಂದ ಆ ಅಚ್ಚುಕೂಟ ಉಳಿಯುತ್ತಿರಲಿಲ್ಲ. ಪಾಲುಗಾರನ ತಂದೆಯು ಕೊಡುವೆನೆಂದಿದ್ದ ಬಂಡವಾಳದಲ್ಲಿ ಅರ್ಧವನ್ನಷ್ಟೇ ಕೊಡಲು ಶಕ್ತನಾದನು. ಸಾಮಾನು ಕೊಟ್ಟಿದ್ದ ವರ್ತಕನು ನ್ಯಾಯಾಲಯಕ್ಕೆ ಹೋದನು. ಆಗ ವಿಲಿಯಂ ಕೋಲ್ಮನ್ ಮತ್ತು ರಾಬರ್ಟ್ ಗ್ರೇಸ್ ಎಂಬಿಬ್ಬರು ಮಿತ್ರರು, ಒಬ್ಬನಿಗೆ ತಿಳಿಯದಂತೆ ಇನ್ನೊಬ್ಬನು ಬಂದು, ಕೇಳದೆಯೇ, ಬೇಕಾದ ಹಣವಷ್ಟನ್ನೂ ಕೊಡಲು ಸಿದ್ಧರಾದರು. ಇಬ್ಬರಿಂದಲೂ ಅರ್ಧರ್ಧ ಪಡೆದು ಅವನು 1730ರಲ್ಲಿ ಉದ್ಯಮವನ್ನು ತನ್ನೊಬ್ಬನದಾಗಿ ಮಾಡಿಕೊಂಡನು. ಇವರು ಅವನೇ 1727ರಲ್ಲಿ ಕಟ್ಟಿದ ಜಂಟೋ ಎಂಬ ಪರಸ್ಪರ ಸುಧಾರಣೆಯ ಗೆಳೆಯರ ಕೂಟದವರು. ಆ ಕೂಟದಿಂದಲೇ 1731ರಲ್ಲಿ ಚಂದಾ ಗ್ರಂಥಾಲಯವೂ ಹುಟ್ಟಿತು. ಸ್ವಪ್ರಯತ್ನದಿಂದಲೇ ಮೇಲೆ ಬಂದವನೆಂದು ಫ್ರಾಂಕ್ಲಿನ್ನನನ್ನು ಹೊಗಳುವವರು ಈ ಇಬ್ಬರ ಹೆಸರನ್ನು ಮರೆಯುವುದುಂಟು. ಅವನು ಮಾತ್ರ ಮರೆಯಲಿಲ್ಲ.

ಹೆಚ್ಚುಕಡಿಮೆ ಇದೇ ಕಾಲದಲ್ಲಿ ಅವನು ಆ ಪ್ರಸಿದ್ಧವಾದ ಕಿರುಪುಸ್ತಕವನ್ನು ರಚಿಸಿಕೊಂಡನು. ಒಳ್ಳೆಯದನ್ನು ತಿಳಿದ ಮಾತ್ರಕ್ಕೆ ಒಳ್ಳೆಯವನಾಗುವುದು ಸಾಧ್ಯವಿಲ್ಲ, ಒಂದು ದೋಷವನ್ನು ಕಾಯುತ್ತಿರುವಾಗ ಇನ್ನೊಂದು ಹಿತ್ತಲ ಬಾಗಿಲಿನಿಂದ ನುಗ್ಗುತ್ತದೆ ಎಂಬುದನ್ನು ಅನುಭವದಿಂದ ಕಂಡುಕೊಂಡಿದ್ದನು. ಮಿತಾಹಾರ, ಮೌನ, ವ್ಯವಸ್ಥೆ, ದೃಢಸಂಕಲ್ಪ, ಮಿತವ್ಯಯ, ಉದ್ಯೋಗಶೀಲತೆ, ನಿಷ್ಕಾಪಟ್ಯ, ನ್ಯಾಯ, ಸಂಯಮ, ಶುಚಿತ್ವ, ಶಾಂತಿ, ಇಂದ್ರಿಯನಿಗ್ರಹ ಎಂಬ ಹನ್ನೆರಡು ಗುಣಗಳನ್ನು ಮೊದಲು ಆರಿಸಿದನು. ಮಿತ್ರನೊಬ್ಬನು ಅವನ ಗರ್ವವನ್ನು ನಿದರ್ಶನಗಳೊಡನೆ ಎತ್ತಿ ತೋರಿಸಿದ ಮೇಲೆ ಹದಿಮೂರನೆಯದಾಗಿ ವಿನಯವು ಸೇರಿತು. ಗುಣಕ್ಕೊಂದು ಪುಟ, ಪುಟದಲ್ಲಿ ಕೆಂಪು ಶಾಯಿಯಿಂದ ವಾರದ ದಿನಗಳಿಗೆ ಏಳು ಅಂಕಣ, ಗುಣಗಳಿಗೆ ಹದಿಮೂರು ಅಡ್ಡಸಾಲು. ಪ್ರತಿರಾತ್ರಿ ಅಂದಿನ ತಪ್ಪಿಗೊಂದು ಕಪ್ಪುಚುಕ್ಕೆ. ಎಲ್ಲವನ್ನೂ ಒಟ್ಟಿಗೆ ಸಾಧಿಸಹೊರಡದೆ, ವಾರಕ್ಕೊಂದು ಗುಣದ ಸಾಲನ್ನು ಚುಕ್ಕೆಯಿಲ್ಲದಂತೆ ಕಾಯುವುದು; ಹೀಗೆ ಹದಿಮೂರು ವಾರಗಳಿಗೆ ಒಂದು ಆವರ್ತನೆ, ವರ್ಷಕ್ಕೆ ನಾಲ್ಕು. ತೋಟದ ಕಳೆಯನ್ನು ಒಂದೊಂದೇ ಪಾತಿಯಿಂದ ಕೀಳುವ ರೈತನ ಕ್ರಮವಿದು. ಗುಣಗಳ ಅನುಕ್ರಮದಲ್ಲಿಯೂ ವಿವೇಚನೆಯಿದೆ: ಮಿತಾಹಾರದಿಂದ ತಲೆ ತಿಳಿಯಾಗಿದ್ದರೆ ಮುಂದಿನವುಗಳಿಗೆ ಎಚ್ಚರವಿರುತ್ತದೆಂದು ಅದನ್ನು ಮೊದಲಿಟ್ಟನು.

ದಿನದ ಇಪ್ಪತ್ತನಾಲ್ಕು ಗಂಟೆಗಳಿಗೂ ಒಂದು ಪಟ್ಟಿಯಿತ್ತು. ಐದಕ್ಕೆ ಎದ್ದು, ಶುಚಿಯಾಗಿ, ಅಂದು ತಾನು ಮಾಡಬೇಕಾದ ಒಳಿತೇನೆಂದು ಯೋಚಿಸುವುದು, ಎಂಟರಿಂದ ಹನ್ನೆರಡರವರೆಗೆ ಕೆಲಸ, ಎರಡರವರೆಗೆ ಊಟ, ಓದು, ಲೆಕ್ಕಪತ್ರಗಳ ಪರಿಶೀಲನೆ, ಆರರವರೆಗೆ ಮತ್ತೆ ಕೆಲಸ, ಸಂಜೆ ವಸ್ತುಗಳನ್ನು ಅವುಗಳ ಸ್ಥಾನದಲ್ಲಿಡುವುದು, ಊಟ, ಸಂಗೀತ, ಸಲ್ಲಾಪ, ದಿನದ ವಿಮರ್ಶೆ, ಹತ್ತಕ್ಕೆ ನಿದ್ರೆ. ಸಂಗೀತಕ್ಕೂ ಸಲ್ಲಾಪಕ್ಕೂ ಇಲ್ಲಿ ಸ್ಥಳವುಂಟೆಂಬುದು ಗಮನಾರ್ಹ.

ಫಲವೇನಾಯಿತು? ತಾನೆಣಿಸಿದುದಕ್ಕಿಂತ ಹೆಚ್ಚು ದೋಷಗಳು ತನ್ನಲ್ಲಿರುವುದನ್ನು ಕಂಡು ಅವನೇ ಬೆರಗಾದನು. ಹಳೆಯ ಚುಕ್ಕೆಗಳನ್ನು ಕೆರೆದು ಅಳಿಸಿ ಅಳಿಸಿ ಕಾಗದವು ತೂತುಬಿದ್ದು, ಕೊನೆಗೆ ದಂತದ ಹಾಳೆಗಳ ಮೇಲೆ ಕೆಂಪುಗೆರೆ ಹಾಕಿಸಿ, ಸೀಸದಕಡ್ಡಿಯಿಂದ ಗುರುತಿಟ್ಟು, ಒದ್ದೆ ಸ್ಪಂಜಿನಿಂದ ಒರೆಸುವ ಏರ್ಪಾಡಾಯಿತು. ಎಲ್ಲಕ್ಕಿಂತ ಹೆಚ್ಚು ಕಾಡಿದುದು ವ್ಯವಸ್ಥೆ. ಗಿರಾಕಿಗಳು ಬಂದ ಹೊತ್ತಿಗೆ ಓಗೊಡಬೇಕಾದ ವ್ಯಾಪಾರಿಗೆ ಗಂಟೆಯ ಪಟ್ಟಿ ನಿಲ್ಲದು. ಕಾಗದಪತ್ರಗಳನ್ನು ಅಲ್ಲಲ್ಲಿಯೇ ಇಡುವ ರೂಢಿಯಂತೂ ಮುಪ್ಪಿನವರೆಗೂ ಹೋಗಲಿಲ್ಲ. ಇದಕ್ಕೆ ಅವನೊಂದು ಕಥೆ ಹೇಳುತ್ತಿದ್ದನು. ಒಬ್ಬನು ಕಮ್ಮಾರನಲ್ಲಿ ಕೊಡಲಿ ಕೊಂಡು, ಬಾಯಿಯಂತೆಯೇ ಮೈಯೆಲ್ಲ ಹೊಳೆಯಬೇಕೆಂದನು. ಸಾಣೆಚಕ್ರವನ್ನು ನೀನು ತಿರುಗಿಸುವುದಾದರೆ ಆಗಬಹುದೆಂದು ಕಮ್ಮಾರನು ಒಪ್ಪಿ, ಅಗಲವಾದ ಮೈಯನ್ನು ಕಲ್ಲಿಗೆ ಬಲವಾಗಿ ಒತ್ತಿ ಹಿಡಿದನು. ತಿರುಗಿಸಿ ತಿರುಗಿಸಿ ಸೋತ ಗಿರಾಕಿಯು ನಡುನಡುವೆ ಬಂದು ನೋಡಿ, ಕಡೆಗೆ ಚುಕ್ಕೆಚುಕ್ಕೆಯ ಕೊಡಲಿಯೇ ತನಗೆ ಹೆಚ್ಚು ಮೆಚ್ಚಿಗೆಯೆಂದು ಎತ್ತಿಕೊಂಡು ಹೊರಟನು. ಮನುಷ್ಯರು ಅಭ್ಯಾಸವನ್ನು ಕೈಬಿಡುವಾಗ ಹೇಳಿಕೊಳ್ಳುವ ಸಮಾಧಾನಗಳೆಲ್ಲ ಈ ಕಥೆಯೊಳಗಿವೆ. ಪೂರ್ಣತೆ ದೊರೆಯಲಿಲ್ಲವಾದರೂ, ಆ ಪ್ರಯತ್ನವಿಲ್ಲದಿದ್ದರೆ ಆಗುತ್ತಿದ್ದುದಕ್ಕಿಂತ ತಾನು ಉತ್ತಮನೂ ಸುಖಿಯೂ ಆದೆನೆಂದು ಎಪ್ಪತ್ತೊಂಬತ್ತನೆಯ ವಯಸ್ಸಿನಲ್ಲಿ ಬರೆದನು.

ಉದ್ಯಮವು ಬೆಳೆಯಿತು. 1729ರಲ್ಲಿ ಕೊಂಡ ಪೆನ್ಸಿಲ್ವೇನಿಯ ಗೆಜೆಟ್ ಪತ್ರಿಕೆಯೂ, 1732ರ ಕೊನೆಯಿಂದ ಇಪ್ಪತ್ತೈದು ವರ್ಷ ಬಡ ರಿಚರ್ಡನೆಂಬ ಹೆಸರಿನಲ್ಲಿ ಹೊರಡಿಸಿದ ಪಂಚಾಂಗವೂ ಅದರ ಆಧಾರಗಳು; ಪಂಚಾಂಗವು ವರ್ಷಕ್ಕೆ ಸುಮಾರು 10,000 ಪ್ರತಿ ಮಾರಾಟವಾಗುತ್ತಿತ್ತು. ನಂಬುಗೆಯ ಕೆಲಸಗಾರರಿಗೆ ಯಂತ್ರವನ್ನೂ ಮೊಳೆಗಳನ್ನೂ ಕೊಟ್ಟು, ಖರ್ಚಿನಲ್ಲಿ ಮೂರನೆಯ ಒಂದು ಪಾಲನ್ನು ಹೊತ್ತು, ಲಾಭದಲ್ಲಿ ಮೂರನೆಯ ಒಂದು ಪಾಲನ್ನು ಪಡೆಯುವಂತೆ ಬೇರೆ ಊರುಗಳಲ್ಲಿಯೂ ಅಚ್ಚುಕೂಟಗಳನ್ನು ಸ್ಥಾಪಿಸಿದನು. ದಕ್ಷಿಣ ಕೆರೊಲಿನದ ಪಾಲುಗಾರನು ವಿದ್ಯಾವಂತನಾದರೂ ಲೆಕ್ಕ ಬಾರದವನು. ಅವನು ತೀರಿಕೊಂಡ ಮೇಲೆ ಪತ್ನಿ ಎಲಿಜಬೆತ್ ಟಿಮೊತಿಯು ಮೂರು ತಿಂಗಳಿಗೊಮ್ಮೆ ತಪ್ಪದೆ ಕರಾರುವಾಕ್ಕಾದ ಲೆಕ್ಕ ಕಳುಹಿಸಿ, ಮಕ್ಕಳನ್ನು ಸಾಕಿ, ಅವಧಿ ಮುಗಿದಾಗ ಅಚ್ಚುಕೂಟವನ್ನೇ ಕೊಂಡು ಮಗನಿಗೆ ವಹಿಸಿದಳು. ಅವಳು ಹುಟ್ಟಿ ಬೆಳೆದ ಹಾಲೆಂಡಿನಲ್ಲಿ ಹೆಣ್ಣುಮಕ್ಕಳಿಗೂ ಲೆಕ್ಕಪತ್ರ ಕಲಿಸುವ ರೂಢಿಯಿತ್ತು. ಹೆಣ್ಣುಮಕ್ಕಳಿಗೆ ಸಂಗೀತ ನೃತ್ಯಗಳಿಗಿಂತ ಈ ವಿದ್ಯೆಯೇ ಹೆಚ್ಚು ಉಪಕಾರಿಯೆಂದು ಫ್ರಾಂಕ್ಲಿನ್ನನು ಇದನ್ನು ಕಂಡು ನಿರ್ಧರಿಸಿದನು.

1748ರಲ್ಲಿ, 42ನೆಯ ವಯಸ್ಸಿನಲ್ಲಿ, ಅಚ್ಚುಕೂಟದ ಭಾರವನ್ನು ಡೇವಿಡ್ ಹಾಲ್ ಎಂಬ ಪಾಲುಗಾರನಿಗೊಪ್ಪಿಸಿ ಅವನು ಬಿಡುವು ಪಡೆದನು. 1752ರ ಗಾಳಿಪಟದ ಪ್ರಯೋಗ, ಸಿಡಿಲನ್ನು ತಡೆಯುವ ಸಲಾಕೆ, 1776ರ ಸ್ವಾತಂತ್ರ್ಯಘೋಷಣೆ, 1778ರ ಫ್ರಾನ್ಸಿನ ಮೈತ್ರಿ, 1787ರ ಸಂವಿಧಾನ—ಇವೆಲ್ಲ ಆ ಬಿಡುವಿನ ಫಲಗಳು. ಇತಿಹಾಸದ ಪುಸ್ತಕಗಳಲ್ಲಿ ಸವಿಸ್ತಾರವಾಗಿ ದೊರೆಯುವುವು.

ತನ್ನ ಬಾಳಿನ ತಪ್ಪುಗಳನ್ನು ಅವನು ಮುದ್ರಕನ ಮಾತಿನಲ್ಲಿಯೇ ಒಪ್ಪೋಲೆಯೆಂದು ಕರೆದನು. ಅಣ್ಣನಿಗೆ ಕೊಟ್ಟ ಮಾತನ್ನು ಮುರಿದುದು ಅವುಗಳಲ್ಲಿ ಮೊದಲನೆಯದು. ಅಣ್ಣನ ಮಗನನ್ನು ಸಾಕಿ, ಕಸಬು ಕಲಿಸಿ, ಹೊಸ ಮೊಳೆಗಳನ್ನು ಕೊಟ್ಟು ಅದನ್ನು ತಿದ್ದಿಕೊಂಡನು. ತಿದ್ದಲಾಗದವೂ ಇದ್ದವು. ನಾಲ್ಕು ವರ್ಷದ ಮಗ ಫ್ರಾನ್ಸಿಸ್ 1736ರಲ್ಲಿ ಸಿಡುಬಿನಿಂದ ತೀರಿಕೊಂಡನು. ಅವನಿಗೆ ಸಿಡುಬಿನ ಚುಚ್ಚು ಹಾಕಿಸದೆ ಹೋದೆನೆಂಬ ಕೊರಗು ತಂದೆಗೆ ಕಡೆಯವರೆಗೂ ಉಳಿಯಿತು. ಗುಲಾಮರನ್ನು ಮನೆಯಲ್ಲಿ ಇಟ್ಟುಕೊಂಡಿದ್ದನು. ಗುಲಾಮರ ಮಾರಾಟದ ಜಾಹೀರಾತುಗಳು ಅವನ ಪತ್ರಿಕೆಯಲ್ಲಿ ಅಚ್ಚಾದವು. ಎಂಟನೆಯ ಪುಟದ ನ್ಯಾಯವು ಬಹುಕಾಲ ಇಷ್ಟು ದೂರ ನೋಡಲಿಲ್ಲ. 1787ರಲ್ಲಿ ಗುಲಾಮಗಿರಿಯ ನಿರ್ಮೂಲನಕ್ಕಾಗಿ ದುಡಿಯುತ್ತಿದ್ದ ಪೆನ್ಸಿಲ್ವೇನಿಯದ ಸಂಘಕ್ಕೆ ಅಧ್ಯಕ್ಷನಾಗಿ, 1790ರ ಫೆಬ್ರವರಿಯಲ್ಲಿ ಅದರ ಮನವಿಗೆ ಸಹಿಹಾಕಿ ಕಾಂಗ್ರೆಸ್ಸಿಗೆ ಕಳುಹಿಸಿದನು. ಅದೇ ವರ್ಷ ಏಪ್ರಿಲ್ 17ರಂದು, 84ನೆಯ ವಯಸ್ಸಿನಲ್ಲಿ ತೀರಿಕೊಂಡನು.

ಬಾಸ್ಟನ್ನಿನ ಶಾಲೆಗಳಲ್ಲಿ ವರ್ಷವರ್ಷವೂ ಬೆಳ್ಳಿಯ ಪದಕ ಕೊಡಲೆಂದು 100 ಪೌಂಡುಗಳನ್ನು ಅವನು ಬಿಟ್ಟುಹೋದನು. ಇದಲ್ಲದೆ, ಪೆನ್ಸಿಲ್ವೇನಿಯದ ಅಧ್ಯಕ್ಷನಾಗಿದ್ದಾಗ ಬಂದ ಸಂಬಳದಿಂದ ಬಾಸ್ಟನ್ನಿಗೂ ಫಿಲಡೆಲ್ಫಿಯಕ್ಕೂ ತಲಾ 1,000 ಪೌಂಡುಗಳನ್ನು ಕೊಟ್ಟನು. 25 ವರ್ಷದೊಳಗಿನ, ವಿವಾಹಿತರಾದ ಕಸಬುದಾರರಿಗೆ 15ರಿಂದ 60 ಪೌಂಡುಗಳವರೆಗೆ ನೂರಕ್ಕೆ ಐದರ ಬಡ್ಡಿಯಲ್ಲಿ ಸಾಲ ಕೊಡಬೇಕು. ಇಬ್ಬರು ಗೌರವಸ್ಥರು ಜಾಮೀನು ನಿಲ್ಲಬೇಕು. ಅಸಲಿನಲ್ಲಿ ಹತ್ತನೆಯ ಒಂದು ಪಾಲು ವರ್ಷವರ್ಷವೂ ಮರಳಬೇಕು. ಹೀಗೆ ಇನ್ನೂರು ವರ್ಷ ನಡೆಯಬೇಕು. ಯೌವನದಲ್ಲಿ ಮಿತ್ರರಿಬ್ಬರು ಕೊಟ್ಟ ಸಾಲವೇ ತನ್ನ ಏಳಿಗೆಯ ಬುನಾದಿಯೆಂದು ಅಲ್ಲಿ ಕಾರಣವನ್ನೂ ಬರೆದನು. ಸಾಲ ಬೇಡುವವನು ಕಲಿಕೆಯ ಕರಾರನ್ನು ನಿಷ್ಠೆಯಿಂದ ಪೂರೈಸಿರಬೇಕೆಂಬುದು ಇನ್ನೊಂದು ನಿಬಂಧನೆ; ಆ ನಿಬಂಧನೆಯಂತೆ 1723ರಲ್ಲಿ ಅಣ್ಣನ ಅಚ್ಚುಕೂಟದಿಂದ ಓಡಿಬಂದ ಹುಡುಗನಿಗೆ ಒಂದು ಪೌಂಡೂ ದೊರೆಯುತ್ತಿರಲಿಲ್ಲ.

ಕಸಬು ಕಲಿಯುವ ಕರಾರಿನ ಪದ್ಧತಿ ಮುಂದೆ ಕ್ಷೀಣಿಸಿ ಸಾಲ ಕೇಳುವವರು ಕಡಮೆಯಾದರು. ನೂರು ವರ್ಷ ತುಂಬಿದ ಮೇಲೆ ಬಾಸ್ಟನ್ನಿನ ನಿಧಿಯ ಒಂದು ಭಾಗಕ್ಕೆ ಆಂಡ್ರ್ಯೂ ಕಾರ್ನೆಗಿಯು ತನ್ನ ಹಣವನ್ನೂ ಸೇರಿಸಲು, ದುಡಿಯುವ ತರುಣರಿಗೆ ತಾಂತ್ರಿಕ ಶಿಕ್ಷಣ ಕೊಡುವ ಫ್ರಾಂಕ್ಲಿನ್ ಯೂನಿಯನ್ 1908ರಲ್ಲಿ ಅಲ್ಲಿ ತೆರೆಯಿತು. 1990ರಲ್ಲಿ ಅವಧಿ ಮುಗಿದಾಗ ಬಾಸ್ಟನ್ನಿನ ನಿಧಿಯು 40 ಲಕ್ಷ ಡಾಲರುಗಳನ್ನೂ ಫಿಲಡೆಲ್ಫಿಯದ್ದು 20 ಲಕ್ಷ ಡಾಲರುಗಳನ್ನೂ ಮೀರಿದ್ದಿತು.