ಡಿ. ಪಿ. ಕರಮರಕರ

ದತ್ತಾತ್ರೇಯ ಪರಶುರಾಮ ಕರಮರಕರ (ಡಿ. ಪಿ. ಕರಮರಕರ) ಅವರು ಧಾರವಾಡದ ಕಾಂಗ್ರೆಸ್ ಮುಖಂಡರು, ಒಂದನೆಯ ಹಾಗೂ ಎರಡನೆಯ ಲೋಕಸಭೆಗಳ ಸದಸ್ಯರು ಮತ್ತು 1957ರಿಂದ 1962ರವರೆಗೆ ಕೇಂದ್ರ ಆರೋಗ್ಯ ಸಚಿವರಾಗಿದ್ದವರು. ರಾಜಕುಮಾರಿ ಅಮೃತ್ ಕೌರ್ ಅವರ ನಂತರ ಆರೋಗ್ಯ ಖಾತೆಯನ್ನು ವಹಿಸಿಕೊಂಡರು. ಭಾರತದ ಮೊದಲ ಕೇಂದ್ರೀಯ ಆಹಾರ ಕಲಬೆರಕೆ ತಡೆ ಕಾಯಿದೆಯ ಆರಂಭದ ವರ್ಷಗಳು ಬಹುಪಾಲು ಇವರ ಅಧಿಕಾರಾವಧಿಯಲ್ಲಿ ಕಳೆದವು.

ರಾಜಕೀಯ ಜೀವನ

1952ರ ಚುನಾವಣೆಯಲ್ಲಿ ಕರಮರಕರ ಅವರು ಅಂದಿನ ಮುಂಬಯಿ ರಾಜ್ಯದ ಧಾರವಾಡ ಉತ್ತರ ಕ್ಷೇತ್ರದಿಂದ ಆಯ್ಕೆಯಾದರು. ನೆಹರೂ ಅವರ ಸರ್ಕಾರದಲ್ಲಿ ವಾಣಿಜ್ಯ ಖಾತೆಯ ಹೊಣೆ ಹೊತ್ತರು. 1956ರ ನವೆಂಬರ್ 1ರಂದು ಧಾರವಾಡ ಜಿಲ್ಲೆಯು ಮೈಸೂರು ರಾಜ್ಯಕ್ಕೆ ಸೇರಿತು. 1957ರಲ್ಲಿ ಅದೇ ಕ್ಷೇತ್ರದಿಂದ ಮರು ಆಯ್ಕೆಯಾದ ಅವರು ಆರೋಗ್ಯ ಸಚಿವರಾದರು. 1962ರಲ್ಲಿ ಈ ಕ್ಷೇತ್ರದಿಂದ ಸರೋಜಿನಿ ಮಹಿಷಿ ಲೋಕಸಭೆಗೆ ಆಯ್ಕೆಯಾದರು. ಆರೋಗ್ಯ ಖಾತೆಯು ಡಾ. ಸುಶೀಲಾ ನಯ್ಯರ್ ಅವರಿಗೆ ಹೋಯಿತು.

ಆಹಾರ ಕಲಬೆರಕೆ ತಡೆ ಕಾಯಿದೆ

ಕಲಬೆರಕೆಯನ್ನು ತಡೆಯಲು ಮೊದಲು ಪ್ರಾಂತಗಳು ತಮ್ಮ ತಮ್ಮ ಕಾನೂನುಗಳನ್ನು ಹೊಂದಿದ್ದವು. ಮುಂಬಯಿ ಪ್ರಾಂತದಲ್ಲಿ 1925ರ ಕಾಯಿದೆ ಜಾರಿಯಲ್ಲಿತ್ತು. ಸಂಸತ್ತು 1954ರಲ್ಲಿ ಅಂಗೀಕರಿಸಿದ ಕೇಂದ್ರ ಕಾಯಿದೆಯು 1955ರ ಜೂನ್ 1ರಿಂದ, ಜಮ್ಮು-ಕಾಶ್ಮೀರವನ್ನು ಹೊರತುಪಡಿಸಿ, ದೇಶದಾದ್ಯಂತ ಜಾರಿಗೆ ಬಂದಿತು. ಹೀಗಾಗಿ ಮರುವರ್ಷ ರಾಜ್ಯದ ಗಡಿ ಬದಲಾದರೂ ಹುಬ್ಬಳ್ಳಿ-ಧಾರವಾಡದ ಅಂಗಡಿಗಳಿಗೆ ಅನ್ವಯಿಸುವ ಆಹಾರದ ಮಾನದಂಡ ಬದಲಾಗಲಿಲ್ಲ.

ಮಾನದಂಡಗಳ ವಿಷಯದಲ್ಲಿ ಕೇಂದ್ರ ಆಹಾರ ಮಾನದಂಡಗಳ ಸಮಿತಿ ಸಲಹೆ ನೀಡುತ್ತಿತ್ತು. ನಿಯಮಗಳನ್ನು ರೂಪಿಸುವುದು ಕೇಂದ್ರದ ಹೊಣೆಯಾಗಿತ್ತು. ಆಹಾರ ನಿರೀಕ್ಷಕರನ್ನು ನೇಮಿಸುವುದು, ಮೊಕದ್ದಮೆ ಹೂಡುವುದು ಮುಖ್ಯವಾಗಿ ರಾಜ್ಯಗಳ ಹಾಗೂ ಸ್ಥಳೀಯ ಸಂಸ್ಥೆಗಳ ಕೆಲಸವಾಗಿತ್ತು. ನಿರೀಕ್ಷಕರು ಬೆಲೆ ಕೊಟ್ಟು ಮಾದರಿಯನ್ನು ಪಡೆದು ಮೂರು ಭಾಗ ಮಾಡುತ್ತಿದ್ದರು. ಒಂದು ಭಾಗ ವ್ಯಾಪಾರಿಗೆ, ಇನ್ನೊಂದು ಸಾರ್ವಜನಿಕ ವಿಶ್ಲೇಷಕರಿಗೆ ಸಲ್ಲುತ್ತಿತ್ತು. ಮೂರನೆಯದನ್ನು ನ್ಯಾಯಾಲಯಕ್ಕಾಗಿ ಕಾದಿರಿಸಲಾಗುತ್ತಿತ್ತು. ವಿಶ್ಲೇಷಕರ ವರದಿಯನ್ನು ಒಪ್ಪದವರು ಕೇಂದ್ರ ಆಹಾರ ಪ್ರಯೋಗಾಲಯದ ಪರೀಕ್ಷೆಯನ್ನು ಕೋರಬಹುದಾಗಿತ್ತು.

ಸರಕಿನ ಗುಣ ತನಗೆ ತಿಳಿದಿರಲಿಲ್ಲವೆಂಬ ಸಮಜಾಯಿಷಿಯನ್ನು ಈ ಕಾಯಿದೆ ಒಪ್ಪುತ್ತಿರಲಿಲ್ಲ. ಉತ್ಪಾದಕರಿಂದ ಅಥವಾ ಸಗಟು ವ್ಯಾಪಾರಿಯಿಂದ ಲಿಖಿತ ಖಾತರಿ ಪಡೆದು, ಸರಕನ್ನು ಸರಿಯಾಗಿ ಸಂಗ್ರಹಿಸಿ, ಕೊಂಡ ಸ್ಥಿತಿಯಲ್ಲಿಯೇ ಮಾರಿದವರಿಗೆ ಮಾತ್ರ ರಕ್ಷಣೆಯಿತ್ತು. ಖರೀದಿಯ ದಾಖಲೆ ಇರಿಸುವುದು ಇದರಿಂದ ವ್ಯಾಪಾರದ ಅಗತ್ಯವಾಯಿತು.

1958ರ ವಿಷಾಹಾರ ದುರಂತ

ಕರಮರಕರ ಅವರು ಆರೋಗ್ಯ ಸಚಿವರಾಗಿದ್ದಾಗ, 1958ರಲ್ಲಿ, ಕೇರಳದಲ್ಲಿ ವಿಷಪೂರಿತ ಗೋಧಿ ಹಿಟ್ಟನ್ನು ತಿಂದು ನೂರಕ್ಕೂ ಹೆಚ್ಚು ಜನರು ಮೃತಪಟ್ಟರು. ಒಂದೇ ಹಡಗಿನಲ್ಲಿ ಆಹಾರಧಾನ್ಯದೊಡನೆ ಸಾಗಿಸಿದ ಪ್ಯಾರಾಥಿಯಾನ್ ಎಂಬ ಕೀಟನಾಶಕವು ಸೋರಿ ಹಿಟ್ಟಿಗೆ ಸೇರಿತ್ತು. ಮದ್ರಾಸ್ ರಾಜ್ಯದಲ್ಲೂ ಇಂತಹ ಪ್ರಕರಣಗಳು ಕಂಡುಬಂದವು. ಕೇಂದ್ರ ಸರ್ಕಾರವು ನ್ಯಾಯಮೂರ್ತಿ ಜೆ. ಸಿ. ಷಾ ಅವರ ವಿಚಾರಣಾ ಆಯೋಗವನ್ನು ನೇಮಿಸಿತು.

ಇಲ್ಲಿ ಯಾರೂ ಲಾಭಕ್ಕಾಗಿ ಕಲಬೆರಕೆ ಮಾಡಿರಲಿಲ್ಲ. ಅಂಗಡಿಯಲ್ಲಿ ಮಾದರಿ ತೆಗೆದು ಪರೀಕ್ಷಿಸುವ ವ್ಯವಸ್ಥೆಯೊಂದೇ ಸಾಗಣೆಯಲ್ಲಿ ಉಂಟಾಗುವ ಅಪಾಯವನ್ನು ತಡೆಯಲಾರದು ಎಂಬುದನ್ನು ಈ ದುರಂತ ತೋರಿಸಿತು. ಕೀಟನಾಶಕಗಳ ತಯಾರಿಕೆ, ಮಾರಾಟ ಹಾಗೂ ಸಾಗಣೆಯನ್ನು ನಿಯಂತ್ರಿಸುವ ಕಾಯಿದೆ ರೂಪುಗೊಂಡದ್ದು 1968ರಲ್ಲಿ. ಆ ವೇಳೆಗೆ ಕರಮರಕರ ಅವರು ಸಚಿವ ಸ್ಥಾನವನ್ನು ಬಿಟ್ಟು ವರ್ಷಗಳೇ ಕಳೆದಿದ್ದವು.

ಇತರ ಕಾರ್ಯಗಳು

ಇವರ ಅವಧಿಯಲ್ಲಿ, 1958ರಲ್ಲಿ, ರಾಷ್ಟ್ರೀಯ ಮಲೇರಿಯಾ ನಿರ್ಮೂಲನ ಕಾರ್ಯಕ್ರಮ ಆರಂಭವಾಯಿತು. ಆರೋಗ್ಯ ಸೇವೆಗಳ ಸ್ಥಿತಿಯನ್ನು ಪರಿಶೀಲಿಸಲು 1959ರಲ್ಲಿ ಡಾ. ಎ. ಲಕ್ಷ್ಮಣಸ್ವಾಮಿ ಮುದಲಿಯಾರ್ ಅವರ ಅಧ್ಯಕ್ಷತೆಯ ಸಮಿತಿಯನ್ನು ನೇಮಿಸಲಾಯಿತು. 1961ರಲ್ಲಿ ಹದಿನಾಲ್ಕನೆಯ ವಿಶ್ವ ಆರೋಗ್ಯ ಸಭೆಯು ನವದೆಹಲಿಯಲ್ಲಿ ಜರುಗಿತು.

ನಂತರದ ಬೆಳವಣಿಗೆ

1954ರ ಕಾಯಿದೆಯ ಸ್ಥಾನದಲ್ಲಿ 2006ರ ಆಹಾರ ಸುರಕ್ಷತೆ ಮತ್ತು ಮಾನದಂಡಗಳ ಕಾಯಿದೆಯು 2011ರ ಆಗಸ್ಟ್ 5ರಂದು ಜಾರಿಗೆ ಬಂದಿತು. ಇದು ತಯಾರಿಕೆ, ಸಂಗ್ರಹಣೆ, ಸಾಗಣೆ, ಹಂಚಿಕೆ ಮತ್ತು ಮಾರಾಟದ ಎಲ್ಲ ಹಂತಗಳನ್ನೂ ವ್ಯಾಪಿಸುತ್ತದೆ. ಆಹಾರೋದ್ಯಮಿಗಳು ಪರವಾನಗಿ ಅಥವಾ ನೋಂದಣಿ ಪಡೆಯಬೇಕು. ಅಗತ್ಯ ಎಚ್ಚರಿಕೆ ವಹಿಸಿದ್ದೇನೆಂದು ರಕ್ಷಣೆ ಕೋರುವವರು ಅದನ್ನು ತಾವೇ ಸಾಬೀತುಪಡಿಸಬೇಕು.